ಅರ್ಧ ಆಂಪಿಯರಿನ ಐಲಿ

ಐಲಿ ಕುವೋಸ್ಮನೆನ್ ಅವರು ಕಾರಿನ ಬ್ಯಾಟರಿಗೆ ಕಿವಿಗೊಟ್ಟು ಕೇಳುತ್ತಿದ್ದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸೊಂಟದಿಂದ ಬಾಗಿ, ಎಡಗಿವಿಯನ್ನು ಆ ಕರಿಯ ಪೆಟ್ಟಿಗೆಯಿಂದ ಒಂದು ಗೇಣು ಮೇಲೆ ಹಿಡಿದು ಕಣ್ಣು ಮುಚ್ಚಿ ನಿಂತರೆಂದರೆ, ಬಂದವರು ಎಷ್ಟೇ ದೊಡ್ಡವರಿರಲಿ, ಬಾಗಿಲಲ್ಲೇ ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ತುಂಬುತ್ತ ಬಂದ ಬ್ಯಾಟರಿ ಒಳಗೊಳಗೇ ಸಣ್ಣಗೆ ಗುಳುಗುಟ್ಟುತ್ತದಂತೆ. ನನ್ನ ಕಿವಿಗೆ ಅದು ಎಂದೂ ಬೀಳಲಿಲ್ಲ. ಒಮ್ಮೆ ನಮ್ಮ ಊರಿನ ಪಾದ್ರಿಗಳೇ ಹೀಗೆ ಹತ್ತು ನಿಮಿಷ ಹೊಸ್ತಿಲಲ್ಲಿ ನಿಂತಿದ್ದು, "ನನ್ನ ಪ್ರವಚನಾನ ಯಾರೂ ಇಷ್ಟು ಗಮನ ಕೊಟ್ಟು ಕೇಳಿಲ್ಲ ಬಿಡಿ" ಎಂದು ನಕ್ಕರು. ಐಲಿಯವರು ನಗಲಿಲ್ಲ. "ಇದು ಹೇಳಿದ್ದನ್ನೇ ಹೇಳಲ್ಲ" ಎಂದರು.

ಕಾಯಾನಿ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನ ನೆಲಮಾಳಿಗೆಯಲ್ಲಿ, ಸೊಂಟದೆತ್ತರದ ಗಾಜಿನ ತೊಟ್ಟಿಗಳಂಥ ಬ್ಯಾಟರಿಗಳ ಸಾಲುಗಳ ನಡುವೆ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು ಅವರು. ಮೇಲೆ ಇಡೀ ಊರು ಮಾತಾಡುತ್ತಿತ್ತು, ಕೆಳಗೆ ಆ ಮಾತಿಗೆ ಬಲ ಕೊಡುವ ಹೆಂಗಸು ಮಾತಿಲ್ಲದೆ ಓಡಾಡುತ್ತಿದ್ದರು. ಆ ಕಾಲದ ಬೂದು ಉಣ್ಣೆಯ ಕೋಟನ್ನು ಅವರು ಬಿಡಲೇ ಇಲ್ಲ. ಆಸಿಡ್ ಹನಿ ಬಿದ್ದಲ್ಲೆಲ್ಲ ತೂತಾಗಿ, ಬೆಳಕಿಗೆ ಹಿಡಿದರೆ ನಕ್ಷತ್ರ ಕಾಣುವಂತಿದ್ದ ಆ ಕೋಟಿನ ಬಗ್ಗೆ ಯಾರಾದರೂ ಹೊಸದು ತೆಗೆದುಕೊಳ್ಳಬಾರದೇ ಎಂದರೆ, "ತೂತಾಗೋದೆಲ್ಲ ಆಗಿ ಮುಗಿದಿದೆ, ಹೊಸದಕ್ಕೆ ಮತ್ತೆ ಮೊದಲಿಂದ ಆಗ್ಬೇಕು" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಚಳಿಗಾಲಕ್ಕೆ ಕಾರು ನಿಲ್ಲಿಸಿಬಿಡುವವರು ಸರೋವರದ ನಮ್ಮ ದಂಡೆಯಲ್ಲಿ ಹಲವರು. ಅವರೆಲ್ಲರ ಬ್ಯಾಟರಿಗಳು, ನನ್ನದೂ ಸೇರಿ ಒಟ್ಟು ಹದಿನಾಲ್ಕು, ಐಲಿಯವರ ಹಿತ್ತಿಲಕೋಣೆಯ ಕಪಾಟಿನಲ್ಲಿ ಸಾಲಾಗಿ ಕೂರುತ್ತಿದ್ದವು. ಇದ್ದದ್ದು ಒಂದೇ ಚಾರ್ಜರು, ಅದೂ ತಗಡಿನ ಪೆಟ್ಟಿಗೆ. ಅರ್ಧ ಆಂಪಿಯರಿಗಿಂತ ಹೆಚ್ಚು ಅದರಿಂದ ಹೊರಡುತ್ತಿರಲಿಲ್ಲ. ಒಂದೊಂದಕ್ಕೂ ಒಂದೊಂದು ದಿನದ ಸರದಿ. ಸರದಿ ಬಂದದ್ದರ ಮುಚ್ಚಳ ಬಿಚ್ಚಿ, ಡಿಸ್ಟಿಲ್ಡ್ ನೀರು ಇಳಿದಿದ್ದರೆ ಹನಿ ಹನಿಯಾಗಿ ಬಿಟ್ಟು, ಟರ್ಮಿನಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕ್ಲಿಪ್ಪು ಸಿಕ್ಕಿಸಿ, ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟು ಹೊರಬರುತ್ತಿದ್ದರು. ನನ್ನ ಹತ್ತಿರದ ಚಾರ್ಜರು ನಾಲ್ಕೇ ಗಂಟೆಯಲ್ಲಿ ಮುಗಿಸುತ್ತದೆಂದು ನಾನೊಮ್ಮೆ ಜಂಭ ಕೊಚ್ಚಿದೆ.

"ಮುಗಿಸುತ್ತೆ, ನಿಜ" ಎಂದರು. "ಬ್ಯಾಟರೀನೇ ಮುಗಿಸುತ್ತೆ. ನಿಧಾನಕ್ಕೆ ತುಂಬ್ಲಿ ಬಿಡು."

ಈ 'ನಿಧಾನಕ್ಕೆ ತುಂಬ್ಲಿ' ಅವರ ಬಾಯಲ್ಲಿ ಎಲ್ಲಕ್ಕೂ ಸಲ್ಲುತ್ತಿತ್ತು: ಕಾಫಿ ಸೋಸುವಾಗ, ಹಬೆಸ್ನಾನದ ಸೌನಾ ಕೋಣೆಯ ಒಲೆ ಕಾಯುವಾಗ, ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಅವರ ಅಡುಗೆಮನೆಯಲ್ಲಿ ಮಾತಿಲ್ಲದೆ ಕೂತಾಗ ಕೂಡ. ಹನಿಗೂಡಿದರೆ ಹಳ್ಳ ಎಂದು ನಾವು ಬಾಯಲ್ಲಿ ಹೇಳುತ್ತೇವೆ. ಹನಿಯನ್ನು ಕಾಯುತ್ತ ಕೂರುವ ತಾಳ್ಮೆ ಇದ್ದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಆ ಹದಿನಾಲ್ಕರಲ್ಲಿ ಒಂದು ತಂಗಿ ರೌಹಾ ಅವರದು. ರೌಹಾ ಇದ್ದದ್ದು ಸರೋವರದ ಆಚೆ ದಂಡೆಯಲ್ಲಿ. ಅಕ್ಕತಂಗಿಯರಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅಮ್ಮ ಸತ್ತ ಬೇಸಿಗೆಯಲ್ಲಿ ತಂಗಿ ಅಮ್ಮನ ದೋಣಿಯನ್ನು ಅಕ್ಕನನ್ನೊಂದು ಮಾತು ಕೇಳದೆ ಯಾರಿಗೋ ಮಾರಿದರು, ಅಷ್ಟೇ. ಆದರೆ ಪ್ರತಿ ನವೆಂಬರಿನಲ್ಲಿ, ಮಂಜುಗಡ್ಡೆ ಆಳನ್ನು ತಾಳುವಷ್ಟು ಗಟ್ಟಿಯಾದ ವಾರ, ಐಲಿಯವರು, ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದ್ದುಕೊಂಡು ಮಂಜಿನ ಮೇಲೆ ಜಾರಿಸುವ ಕುರ್ಚಿಬಂಡಿಯನ್ನು ತೆಗೆದು, ಸರೋವರ ದಾಟಿ, ತಂಗಿಯ ಶೆಡ್ಡಿಗೆ ತಾವೇ ನುಗ್ಗಿ, ಕಾರಿನ ಬ್ಯಾಟರಿ ಬಿಚ್ಚಿ, ಕುರ್ಚಿಯ ಮೇಲೆ ಕಂಬಳಿ ಸುತ್ತಿ ಕೂರಿಸಿಕೊಂಡು ಬರುತ್ತಿದ್ದರು. ಏಪ್ರಿಲಿನಲ್ಲಿ ಮಂಜುಗಡ್ಡೆ ಒಡೆಯುವ ಮುಂಚೆ ಒಯ್ದು ಕೂರಿಸಿ ಬರುತ್ತಿದ್ದರು. ಶೆಡ್ಡಿನ ಬಾಗಿಲಿಗೆ ಆ ವಾರ ಬೀಗವಿರುತ್ತಿರಲಿಲ್ಲ. ಕಾರಿನ ಸೀಟಿನ ಮೇಲೆ ಒಂದು ಡಬ್ಬಿ ಏಲಕ್ಕಿ ಬನ್ನು ಇರುತ್ತಿತ್ತು. ಡಬ್ಬಿ ಏಪ್ರಿಲಿನಲ್ಲಿ ತೊಳೆದು ವಾಪಸಾಗುತ್ತಿತ್ತು. ಹನ್ನೊಂದು ವರ್ಷ ಅವರಿಬ್ಬರ ಸಂಭಾಷಣೆ ಇದೇ, ಇದಿಷ್ಟೇ.

ಹನ್ನೆರಡನೆಯ ನವೆಂಬರಿನಲ್ಲಿ ಬಂಡಿ ಖಾಲಿ ಬಂತು. ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಮಡಿಸಿದಂತೆಯೇ ಇತ್ತು. ರೌಹಾ ಅವರ ಅಳಿಯ ಯಾರ್ಕೊ ಎಂಬಾತ, ಒಳ್ಳೆಯ ಮನಸ್ಸಿನ ಅವಸರದ ಮನುಷ್ಯ, ಹಳೆಯದನ್ನು ಗುಜರಿಗೆ ಹಾಕಿ ಹೊಸ ಬ್ಯಾಟರಿ ಕೂರಿಸಿ, ಅದಕ್ಕೊಂದು ಹೊಸ ಆಟೊಮ್ಯಾಟಿಕ್ ಚಾರ್ಜರನ್ನೂ ಕಟ್ಟಿ, ಐಲಿಯವರು ತಲುಪುವ ಸ್ವಲ್ಪ ಮುಂಚೆಯಷ್ಟೇ ಹೋಗಿದ್ದ. "ಹಸಿರು ದೀಪ ಉರೀತಿತ್ತು" ಎಂದಷ್ಟೇ ಹೇಳಿ ಐಲಿಯವರು ಕೋಟು ಕಳಚಿದರು. ಕಪಾಟಿನಲ್ಲಿ ತಂಗಿಯ ಜಾಗ ಖಾಲಿ ಉಳಿಯಿತು. ಅಲ್ಲಿ ಬೇರೆಯದನ್ನು ಇಡಹೋದ ನನ್ನ ಕೈಯನ್ನು ಹಿಡಿದು ತಡೆದರು. ಆ ಸರದಿಯ ದಿನ ಚಾರ್ಜರಿನ ಕ್ಲಿಪ್ಪುಗಳು ಸುಮ್ಮನೆ ನೇತಾಡುತ್ತಿದ್ದವು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಮಾರ್ಚಿನ ಒಂದು ಬೆಳಗ್ಗೆ ನಾನು ಅವರ ಅಡುಗೆಮನೆಯಲ್ಲಿದ್ದಾಗ ಸರೋವರದ ಮೇಲೊಂದು ಕುರ್ಚಿಬಂಡಿ ಬರುವುದು ಕಾಣಿಸಿತು. ಐಲಿಯವರು ಕಿಟಕಿಯ ಬಳಿ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಜೀವಮಾನದಲ್ಲಿ ಅವಸರ ಅರಿಯದ ಹೆಂಗಸು ಕಾಫಿ ಚೆಲ್ಲಿದರು. ರೌಹಾ ಕಂಬಳಿಯಲ್ಲಿ ಸುತ್ತಿದ ಬ್ಯಾಟರಿಯನ್ನು ಎದೆಗವಚಿಕೊಂಡು ಒಳಗೆ ಬಂದು ನೆಲಕ್ಕಿಳಿಸಿದರು.

"ದೀಪ ಆರಿತ್ತು" ಎಂದರು ತಂಗಿ.

"ಚಾರ್ಜರನ್ನ ಯಾವುದಕ್ಕೆ ಸಿಕ್ಕಿಸಿದ್ದ ಅವನು?"

"ಎಂಜಿನ್ ಬೆಚ್ಚಗೆ ಮಾಡೋ ಕಂಬದ ಪ್ಲಗ್ಗಿಗೆ."

ಐಲಿಯವರು ಕಣ್ಣು ಮುಚ್ಚಿದರು. ನಮ್ಮ ಕಡೆಯ ಅಂಗಳದ ಆ ಕಂಬಗಳ ಗುಂಡಿ ತಿರುಗಿಸಿದರೆ ಕರೆಂಟು ಬರುವುದು ಎರಡೇ ಗಂಟೆ, ಆಮೇಲೆ ತಾನೇ ನಿಲ್ಲುತ್ತದೆ. ಬುದ್ಧಿ ಬಂದಾಗಿನಿಂದ ಪ್ರತಿ ಚಳಿಗಾಲ ಅದನ್ನು ತಿರುಗಿಸಿದ ಕೈ ಯಾರ್ಕೊನದು. ಹಸಿರು ದೀಪ ಕಂಡ ಸಂತೋಷದಲ್ಲಿ ಅದನ್ನೇ ಮರೆತಿದ್ದ. ಇಡೀ ಚಳಿಗಾಲಕ್ಕೆ ಎರಡು ಗಂಟೆಯ ಊಟ! ಮಿಕ್ಕ ದಿನಗಳಲ್ಲಿ ಕಾರಿನ ಗಡಿಯಾರ, ಅಲಾರಮ್ಮು ಎಲ್ಲ ಸೇರಿ ಅದನ್ನು ಹೀರಿ ಹಾಕಿದ್ದವು.

"ಸತ್ತುಹೋಯ್ತಾ ಅಕ್ಕ?"

ಅಕ್ಕ ಎಂಬ ಮಾತು ಆ ಮನೆಯಲ್ಲಿ ಹನ್ನೆರಡನೆಯ ವರ್ಷಕ್ಕೆ ಕೇಳಿಸಿತು. ಐಲಿಯವರು ಅಂಗೈಯನ್ನು ಬ್ಯಾಟರಿಯ ಪಕ್ಕಕ್ಕೆ ಒತ್ತಿ ಬಹಳ ಹೊತ್ತು ಇಟ್ಟುಕೊಂಡರು. "ಹೆಪ್ಪುಗಟ್ಟಿದೆ" ಎಂದರು ಕೊನೆಗೆ. "ತುಂಬಿರೋದು ಎಂಥಾ ಚಳಿಗೂ ಹೆಪ್ಪುಗಟ್ಟಲ್ಲ. ಖಾಲಿ ಆಗಿದ್ದೇ ಗಟ್ಟಿ ಆಗೋದು. ಈಗಲೇ ಕರೆಂಟ್ ಕೊಟ್ರೆ ಸಿಡಿಯುತ್ತೆ. ಮೊದಲು ಕರಗ್ಲಿ. ನಾಳೆ ಬಂದು ನೋಡು."

ಮರುದಿನ ತಂಗಿ ಬಂದರು. "ಇನ್ನೂ ಆಗಿಲ್ಲ, ನಾಳೆ ಬಾ" ಎಂದರು ಅಕ್ಕ. ಮೂರನೆಯ ದಿನವೂ ಅದೇ ಮಾತು, ಆದರೆ ಅಂದು ಕಾಫಿ ಇತ್ತು. ಐದನೆಯ ದಿನ ಏಲಕ್ಕಿ ಬನ್ನು ಬಂತು. ಎರಡನೆಯ ವಾರದಲ್ಲಿ ಅಮ್ಮನ ದೋಣಿಯ ಮಾತು ಬಂದು, ಇಬ್ಬರೂ ದನಿ ಏರಿಸಿ ಜಗಳಾಡಿದರು, ಆದರೂ ಮರುದಿನ ಬಂಡಿ ಸಮಯಕ್ಕೆ ಸರಿಯಾಗಿ ಬಂತು. ಬ್ಯಾಟರಿ ಮಾತ್ರ ಮೂಲೆಯ ಪ್ಲಾಸ್ಟಿಕ್ ಬೋಗುಣಿಯಲ್ಲಿ, ಚಾರ್ಜರಿನ ಗೊಡವೆಯಿಲ್ಲದೆ ಕೂತಿತ್ತು. ನಾನು ಬಗ್ಗಿ ನೋಡಿದೆ. ಪಕ್ಕ ಉಬ್ಬಿತ್ತು, ಬುಡದಲ್ಲಿ ಕೂದಲೆಳೆಯ ಬಿರುಕು, ಬೋಗುಣಿಯಲ್ಲಿ ಆಸಿಡ್ಡಿನ ಒದ್ದೆ. ಕರಗುವುದು ಎಂದೋ ಮುಗಿದಿತ್ತು.

"ಇದು ಏಳಲ್ಲ ಅಲ್ವಾ?" ಎಂದೆ.

ಬ್ಯಾಟರಿಯ ವಿಷಯದಲ್ಲಿ ಒಂದು ಸುಳ್ಳನ್ನೂ ಆಡದ ಐಲಿಯವರು ನನ್ನ ಮುಖ ನೋಡದೆ, "ನಿನ್ನ ಕಾಫಿ ಆರ್ತಿದೆ" ಎಂದರು.

ಏಪ್ರಿಲ್ ಮುಗಿಯುತ್ತ ಬಂದು ಮಂಜುಗಡ್ಡೆ ಕರಗತೊಡಗಿ ಬಣ್ಣ ಕೆಟ್ಟಿತು. ಸರೋವರ ದಾಟಬಹುದಾದ ಕೊನೆಯ ದಿನ ಅದು. ಇನ್ನು ರಸ್ತೆಯಲ್ಲಿ ಸುತ್ತಿ ಬರಬೇಕು, ಬರಲು ಕಾರಿಗೆ ಬ್ಯಾಟರಿಯಿಲ್ಲ. ಬಾಗಿಲಲ್ಲಿ ಟೋಪಿ ಹಾಕಿಕೊಳ್ಳುತ್ತ ರೌಹಾ ತಿರುಗಿದರು.

"ಇದು ಹೋಗಿದೆ ಅಂತ ನಂಗೆ ಮೊದಲ್ನೇ ದಿನವೇ ಗೊತ್ತಿತ್ತು, ಅಕ್ಕ. ಪಕ್ಕ ಉಬ್ಬಿದ್ದು ಕಾಣದಷ್ಟು ಕುರುಡಿ ಅಲ್ಲ ನಾನು."

ಐಲಿಯವರ ಮುಖ ಕೆಂಪಾಯಿತು. "ಮತ್ತೆ ದಿನಾ ಯಾಕೆ ಬಂದೆ?"

"ನಿಧಾನಕ್ಕೆ ತುಂಬ್ಲಿ ಅಂತ."

ಆ ವರ್ಷ ತಂಗಿಯ ಕಾರಿಗೆ ಬೇರೊಂದು ಬ್ಯಾಟರಿ ಬಂತು. ನವೆಂಬರಿನಲ್ಲಿ ಅದನ್ನು ಬಿಚ್ಚಿ ತರುವಾಗ ಮಂಜಿನ ಮೇಲೆ ಎರಡು ಬಂಡಿಗಳ ಗೆರೆ ಅಕ್ಕಪಕ್ಕ ಬಿದ್ದಿತ್ತು.

ಒಂದೇ ಏಟಿಗೆ ಪ್ರೀತಿ ಹರಿಸುವವರನ್ನೂ ಒಂದೇ ಮಾತಿಗೆ ಕ್ಷಮಿಸುವವರನ್ನೂ ನಾನು ಕಂಡಿದ್ದೇನೆ, ಅವರ ಬಗ್ಗೆ ಗೌರವವಿದೆ. ಐಲಿಯವರಂಥವರ ಬಗ್ಗೆ ನನಗಿರುವುದು ಭಯಭಕ್ತಿ. ಅವರು ಹೆಚ್ಚು ಕೊಡಲಾರರು, ಕೊಡುತ್ತಿದ್ದೇವೆಂದು ಹೇಳಲೂ ಆರರು. ಮೀಟರಿನ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು ಸಣ್ಣ ಧಾರೆಯನ್ನು ವರ್ಷಗಟ್ಟಲೆ ಎಡೆಬಿಡದೆ ಹರಿಸುತ್ತಿರುತ್ತಾರೆ. ಅವರು ನಮ್ಮ ಪಾಲಿಗೆ ಏನೆಂದು ಗೊತ್ತಾಗುವುದು, ಕ್ಲಿಪ್ಪು ಕಳಚಿದ ಒಂದು ಚಳಿಗಾಲದಲ್ಲಿ.