ಅಂಜಿನೇಯನ ಮೀಸೆ ಇದ್ದ ಪದರ

ಮೊದಲೇ ಗಂಭೀರವಾಗಿ ದಾಖಲಿಸಬೇಕಾದ ಸಂಗತಿಯೊಂದಿದೆ: ಸಂಡೂರಿನ ಲಾರಿ ಮಾಲೀಕ ಅಂಜಿನೇಯನ ಮೀಸೆ ಪ್ರತ್ಯೇಕ ಪದರದಲ್ಲಿತ್ತು. ಕಂಪ್ಯೂಟರಿನಲ್ಲಿ ಬರೆದ ಅವನ ಚಿತ್ರದಲ್ಲಿ ಮುಖ ಒಂದು ಪದರ, ತುಟಿ ಒಂದು, ಚಿನ್ನದ ಸರ ಒಂದು, ಎಲ್ಲಕ್ಕೂ ಮೇಲೆ ಮೀಸೆ. ಸಾಮ್ರಾಜ್ಯ ಬಿದ್ದ ಜಾಗದ ಪಕ್ಕದಲ್ಲೇ ವಾಸವಿದ್ದು ಇದನ್ನು ಸಣ್ಣ ವಿಷಯ ಎನ್ನುವವರು ಆ ಬುಧವಾರ ಹೊಸಪೇಟೆಯ ಕನಕರಾಜನ ಫ್ಲೆಕ್ಸ್ ಅಂಗಡಿಯಲ್ಲಿರಲಿಲ್ಲ.

ಲಲಿತಾ ಇದ್ದಳು. ಗಾದಿಗನೂರಿನಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ಡಿಸೈನ್ ಮಾಡುವವಳು. ಕಳ್ಳ ಕಾಪಿಯ ಸಾಫ್ಟ್‌ವೇರು ವೈರಸ್ ತಗುಲಿ ಸತ್ತ ಮೇಲೆ ಹಳೆಯ ಕಂಪ್ಯೂಟರಿಗೆ ಅವಳೇ ಲಿನಕ್ಸ್ ಹಾಕಿ, ಕ್ರಿಟಾ ಎಂಬ ಪುಕ್ಕಟೆ ಚಿತ್ರದ ಸಾಫ್ಟ್‌ವೇರು ಇಳಿಸಿಕೊಂಡು, ಪೆನ್ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆಯಲು ಕಲಿತಳು.

"ಪುಕ್ಕಟೆ ಸಿಗೂದು ಎಷ್ಟು ದಿನ ಬಾಳತೈತವ್ವಾ?" ಎಂದು ಕನಕರಾಜ ಕೊಂಕು ತೆಗೆದಿದ್ದ.

"ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ರಂತ. ಸುಮ್ಕಿರ್ರಿ ಅಣ್ಣಾ."

ಉಳಿದ ಅಂಗಡಿಗಳವರು ಫೋಟೊ ಅಂಟಿಸುತ್ತಿದ್ದರೆ ಇವಳು ಮುಖವನ್ನೇ ಬರೆಯುತ್ತಿದ್ದಳು. ಆ ಬಲಗೈ ಬಿಟ್ಟರೆ ಅವಳಿಗೆ ಬೇರೆ ಆಸ್ತಿಯಿರಲಿಲ್ಲ.

ಅಂಜಿನೇಯನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ತುಟಿಗೆ ಚೂರು ನಗು ಬೇಕೆಂದು ಅವನ ಹೆಂಡತಿ ಫೋನ್ ಮಾಡಿದ್ದಳು. ಮೀಸೆ ಅಡ್ಡ ಬರುತ್ತದೆಂದು ಲಲಿತಾ ಆ ಪದರದ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿದಳು, ನಗು ತಿದ್ದಿದಳು, ಮೀಸೆಯನ್ನು ಮರಳಿ ತರುವುದನ್ನು ಮರೆತು ಪ್ರಿಂಟಿಗೆ ಕಳಿಸಿದಳು. ಬಸ್ ನಿಲ್ದಾಣದ ಎದುರು ಇಪ್ಪತ್ತಡಿಯ ಅಂಜಿನೇಯ ಮೀಸೆಯಿಲ್ಲದೆ ನಗುತ್ತ ನಿಂತ. ಅವನ ತಲೆಯ ಪಕ್ಕ, ಆಶೀರ್ವದಿಸಲೆಂದು, ಹೂವಿನ ಅಂಚಿನ ವೃತ್ತದೊಳಗೆ ಅಪ್ಪ ಉಚ್ಚೆಂಗಪ್ಪ.

ಅವರ ಮಂದಿಯಲ್ಲಿ ಮಗ ಮೀಸೆ ಬೋಳಿಸುವುದು ಅಪ್ಪ ತೀರಿಕೊಂಡಾಗ ಮಾತ್ರ. ಕಂಪ್ಲಿಯಿಂದ ಬಂದಿಳಿದ ಉಚ್ಚೆಂಗಪ್ಪನ ತಂಗಿ ತಿಪ್ಪಕ್ಕನಿಗೆ ಓದು ಬಾರದು, ಆದರೆ ಕಣ್ಣು ಚೆನ್ನಾಗಿತ್ತು. ಅಲ್ಲೇ ಎದೆ ಬಡಿದುಕೊಂಡು, ಫೋನಿನಲ್ಲಿ ಎರಡು ಊರು ಅಳಿಸಿದಳು. ಹಾರ ಹಿಡಿದ ನಲವತ್ತು ಮಂದಿ ಸಂಡೂರಿನ ಮನೆಗೆ ನುಗ್ಗಿದಾಗ ಉಚ್ಚೆಂಗಪ್ಪ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ. ಹಾರ ಯಾರಿಗೆಂದು ಕೇಳಿದ, ತನಗೇ ಎಂದು ತಿಳಿದು ಎದೆ ಹಿಡಿದು ಕುಸಿದ. ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಂಜಿನೇಯ ಆಸ್ಪತ್ರೆಯಿಂದ ನೆಟ್ಟಗೆ ಅಂಗಡಿಗೆ ಬಂದ. ಜೊತೆಗೆ ಡ್ರೈವರ್ ಹೊನ್ನೂರುಸ್ವಾಮಿ. ಮೊದಲ ಏಟು ಗಾಜಿನ ಬಾಗಿಲಿಗೆ ಬಿತ್ತು.

"ಕುಂದ್ರಿ ಅಣ್ಣಾರ, ಚಾ..." ಎನ್ನುತ್ತಿದ್ದ ಕನಕರಾಜನ ದವಡೆಗೆ ಎರಡನೆಯದು. ಹಲ್ಲೊಂದು ಕೀಬೋರ್ಡಿನ ಮೇಲೆ ಬಿತ್ತು.

"ನಮ್ಮಪ್ಪನ್ನ ಸಾಯಿಸಿದಾಕಿ ಯಾರಲೇ?"

"ನಾನರೀ," ಎಂದಳು ಲಲಿತಾ. "ಸಾಯಿಸಿಲ್ಲ, ಮರ್ತೀನಿ. ನೋಡ್ರಿ, ಮೀಸಿ ಇಲ್ಲೇ ಐತಿ." ಒತ್ತಿದಳು. ಪರದೆಯ ಮೇಲೆ ಮೀಸೆ ಮೂಡಿತು.

"ತಗಿ." ಹೋಯಿತು. "ಹಾಕು." ಬಂತು.

ಹೊನ್ನೂರುಸ್ವಾಮಿ ಕಿಸಕ್ಕನೆ ನಕ್ಕ, ಧಣಿಯಿಂದ ಕಪಾಳಕ್ಕೆ ಬಿಗಿಸಿಕೊಂಡ. "ಆ ಪುಕ್ಕಟೆ ಸಾಫ್ಟ್‌ವೇರಿಂದ ಹಿಂಗಾತ್ರೀ," ಎಂದ ಕನಕರಾಜ, ದವಡೆ ಹಿಡಿದುಕೊಂಡು.

"ಪುಕ್ಕಟೆದ್ರಾಗ ಮಾಡಿದ್ರ ಹಿಂಗ ಆಗತೈತಿ ನೋಡಲೇ," ಎಂದ ಅಂಜಿನೇಯ, ಮಾನಿಟರಿನ ಕುತ್ತಿಗೆ ಹಿಡಿದು. "ರೊಕ್ಕ ಕೊಟ್ಟು ತಂದಿದ್ರ ಮೀಸಿ ಅಲುಗಾಡ್ತಿದ್ದಿಲ್ಲ!"

ಹೌದೆಂದಿದ್ದರೆ ಅವನು ಕಂಪ್ಯೂಟರನ್ನಷ್ಟೇ ಒಡೆದು ಹೊರಟುಹೋಗುತ್ತಿದ್ದನೇನೋ. ಲಲಿತಾ ಹೌದೆನ್ನಲಿಲ್ಲ.

"ತಪ್ಪು ಅದರದಲ್ರಿ. ನಂದು."

"ನಿಂದಾ? ಯಾವ ಕೈ?"

ಹೊನ್ನೂರುಸ್ವಾಮಿ ಅವಳ ಬಲ ಮಣಿಕಟ್ಟನ್ನು ಮೇಜಿಗೆ ಅದುಮಿದ. ಅಂಜಿನೇಯ ಫ್ಲೆಕ್ಸ್ ಚೌಕಟ್ಟಿನ ಕಬ್ಬಿಣದ ಪೈಪು ಎತ್ತಿದ. ಲಲಿತಾಳ ಎಡಗೈಗೆ ಫ್ಲೆಕ್ಸ್ ಕೊಯ್ಯುವ ಕಟ್ಟರ್ ಸಿಕ್ಕಿತು. ಪೈಪು ಎತ್ತಿದ ಅವನ ತೋಳನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿದಳು. ರಕ್ತ ಪರದೆಗೆ ಚಿಮ್ಮಿತು. ಅವಳು ಹೊನ್ನೂರುಸ್ವಾಮಿಯ ಹೆಬ್ಬೆರಳನ್ನು ಎಲುಬಿನವರೆಗೂ ಕಚ್ಚಿದಳು. ಕೈ ಅರ್ಧ ಬಿಡಿಸಿಕೊಳ್ಳುವಷ್ಟರಲ್ಲಿ ಪೈಪು ಇಳಿಯಿತು.

"ಯವ್ವಾ!" ಎಂದು ಕೂಗಿದವನು ಕನಕರಾಜ. ಕೂಗುತ್ತಲೇ ಪ್ರಿಂಟರಿನ ಕಪ್ಪು ಇಂಕಿನ ಡಬ್ಬಿಯನ್ನು ಅಂಜಿನೇಯನ ಕಣ್ಣಿಗೆ ಸುರಿದ. ಕಣ್ಣು ಕಾಣದ ಅಂಜಿನೇಯ ಬೀಸಿದ ಪೈಪು ಹೊನ್ನೂರುಸ್ವಾಮಿಯ ಭುಜ ಮುರಿಯಿತು. ಪಕ್ಕದ ಮೊಬೈಲ್ ಅಂಗಡಿಯವರು ಬಂದು ಅಂಜಿನೇಯನನ್ನು ನೆಲಕ್ಕೆ ಕೆಡವಿ, ಮೇಲೆ ಕೂತರು.

ಅವನ ತೋಳಿಗೆ ಹತ್ತೊಂಬತ್ತು ಹೊಲಿಗೆ ಬಿದ್ದವು. ಎರಡೂ ಕಡೆಯವರ ಮೇಲೆ ಕೇಸಾಯಿತು. ಉಚ್ಚೆಂಗಪ್ಪ ನಾಲ್ಕನೆಯ ದಿನ ಮನೆಗೆ ಬಂದ. ಲಲಿತಾಳ ಬಲಗೈಯ ಕಿರುಬೆರಳು, ಉಂಗುರದ ಬೆರಳು ಈಗ ಮಡಚುವುದಿಲ್ಲ. ಪೆನ್ ಹಿಡಿಯುವ ಮೂರು ಆಡುತ್ತವೆ.