ಬಾಗಿಲಿಗಿಂತ ದೊಡ್ಡ ತೊಟ್ಟಿ

ತೊಟ್ಟಿ ಬಾಗಿಲಲ್ಲಿ ಸಿಕ್ಕಿಕೊಂಡು ಕಾಲು ಗಂಟೆಯಾಗಿತ್ತು. ಅತ್ತ ಬಚ್ಚಲಿಗೂ ಹೋಗದು, ಇತ್ತ ನಡುಮನೆಗೂ ಬಾರದು. ಎಳೆಯಲೆಂದು ಮೊದಲೇ ಒಳಗೆ ಹೋಗಿದ್ದ ಹೆಂಡತಿ ಬಚ್ಚಲಲ್ಲೇ ಬಂದಿಯಾಗಿದ್ದಳು. ತಳ್ಳಲೆಂದು ಹೊರಗೆ ನಿಂತಿದ್ದ ಗಂಡ ಬೆವರು ಒರೆಸಿಕೊಳ್ಳುತ್ತಿದ್ದ. ಪ್ಲಾಸ್ಟಿಕ್ಕು ತಾನೇ, ಬಗ್ಗುತ್ತದೆ ಎಂದು ಇಬ್ಬರೂ ಜೋರು ಮಾಡಿದ್ದೇ ತಪ್ಪಾಯಿತು.

"ಅಳತೆ ತಗೊಂಡಿದ್ದೀನಿ ಅಂದ್ಯಲ್ಲೇ?" ಎಂದ ಗಂಡ.

"ತಗೊಂಡಿದ್ದೆ ರೀ. ಬಾತ್‌ರೂಮು ಆರಡಿ ಉದ್ದ, ನಾಲ್ಕೂವರೆ ಅಗಲ. ತೊಟ್ಟಿ ನಾಲ್ಕಡಿ ಉದ್ದ, ಎರಡೂವರೆ ಅಗಲ, ಎರಡಡಿ ಆಳ. ಆರಾಮಾಗಿ ಕೂರುತ್ತೆ."

"ಕೂರುತ್ತೆ ಸರಿ. ಬಾಗಿಲು ಎಷ್ಟಿದೆ?"

ಒಳಗೆ ಅವಳ ಕೊರಳಲ್ಲಿ ನೇತಾಡುತ್ತಿದ್ದ ಟೇಪು ಚೌಕಟ್ಟಿನಿಂದ ಚೌಕಟ್ಟಿಗೆ ಚಾಚಿತು. ಇಪ್ಪತ್ತೆರಡು ಇಂಚು. ತೊಟ್ಟಿಯನ್ನು ಹೇಗೆ ತಿರುಗಿಸಿದರೂ ಇಪ್ಪತ್ತನಾಲ್ಕಕ್ಕೆ ಕಡಿಮೆಯಿಲ್ಲ.

ನಡುಮನೆಯ ಮಂಚದ ಮೇಲೆ ಬಲಗಾಲನ್ನು ನೆಟ್ಟಗೆ ಚಾಚಿ ಕೂತಿದ್ದ ಅತ್ತೆಗೆ ಇಷ್ಟು ಸಾಕಾಗಿತ್ತು. "ಕತ್ತೇ ಇಡದೆ ಅಂಗಿ ಹೊಲಿದಿದ್ದೀಯ," ಎಂದಳು. "ಹದಿನಾರು ವರ್ಷ ಎದುರಿಗೆ ಕೂರಿಸ್ಕೊಂಡು ಕಲಿಸಿದ್ದು ಇದನ್ನೇ ನೋಡು!"

ಬೀದಿಯಲ್ಲಿ ಅತ್ತೆಗೆ ದೊಡ್ಡ ಟೈಲರಮ್ಮ ಎಂದು ಹೆಸರು, ಸೊಸೆಗೆ ಚಿಕ್ಕ ಟೈಲರಮ್ಮ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನುಗಳು ಎದುರುಬದುರು. ಮದುವೆಯಾಗಿ ಬಂದಾಗ ಸೊಸೆಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಅತ್ತೆ ಬೈದು ಬೈದು ಕಲಿಸಿದಳು. ಅದೂ ಎಂಥ ಬೈಗುಳ! ಹೊಲಿದದ್ದನ್ನು ಬಿಚ್ಚಿಸಿ, ಮತ್ತೆ ಹೊಲಿಸಿ, ಅದನ್ನೂ ಬಿಚ್ಚಿಸಿ ಅಳಿಸುತ್ತಿದ್ದಳು. ಆದರೆ ಗಿರಾಕಿಯೊಬ್ಬಳು ಚಿಕ್ಕವಳ ಕೆಲಸಕ್ಕೆ ಮೂಗು ಮುರಿದ ದಿನ ಎದ್ದು ನಿಂತು, "ನನ್ನ ಸೊಸೆ ಹೊಲಿದಿದ್ದು ಇಷ್ಟ ಇಲ್ದಿದ್ರೆ ಬೇರೆ ಅಂಗಡಿ ನೋಡ್ಕೊಳಿ," ಎಂದವಳೂ ಅವಳೇ.

ಎರಡು ತಿಂಗಳ ಹಿಂದೆ ಅತ್ತೆಯ ಬಲ ಮಂಡಿಯ ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ ಮೇಲೆ ಮಂಡಿ ಮಡಚುವ ವ್ಯಾಯಾಮ ಶುರುವಾಗಬೇಕಿತ್ತು. ಅತ್ತೆ ಮಡಚಲೊಲ್ಲಳು. ಮುಟ್ಟಿದರೆ ಸಾಕು, ಮೂರು ಮನೆ ಕೇಳುವಂತೆ ಚೀರುತ್ತಿದ್ದಳು. ವ್ಯಾಯಾಮ ಮಾಡಿಸುವ ಫಿಸಿಯೋ ಕಳೆದ ವಾರ ಮುಲಾಜಿಲ್ಲದೆ ಹೇಳಿಬಿಟ್ಟಿದ್ದಳು: ಇನ್ನು ಮೂರು ವಾರದೊಳಗೆ ಮಡಚದಿದ್ದರೆ ಈ ಕಾಲು ಹೀಗೇ ಕಟ್ಟಿಗೆಯಾಗಿ ಉಳಿಯುತ್ತದೆ. ಮಂಡಿ ಮಡಚದಿದ್ದರೆ ಪೆಡಲ್ ತುಳಿಯುವುದೆಲ್ಲಿ ಬಂತು? ಮೋಟರು ಕೂರಿಸೋಣ ಎಂದು ಮಗ ಹೇಳಿದ್ದಕ್ಕೆ, "ಅದು ಓಡಿದ ಹಾಗೆ ನಾನು ಓಡಬೇಕಾ?" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಆಮೇಲೆ ಯಾರನ್ನೂ ಕೇಳದೆ ಹಳೇ ಮಿಷನ್ ಕೊಳ್ಳುವವನಿಗೆ ಫೋನು ಮಾಡಿ ಭಾನುವಾರ ಹತ್ತಕ್ಕೆ ಬಾ ಎಂದೂ ಹೇಳಿದ್ದಳು.

ಇವತ್ತು ಬುಧವಾರ.

ಎದುರಿನ ಮಿಷನ್ ಹೋದ ಮೇಲೆ ಆ ಖಾಲಿ ಜಾಗ ನೋಡುತ್ತ ಕೂರುವುದು ಹೇಗೆಂದು ಚಿಕ್ಕ ಟೈಲರಮ್ಮನಿಗೆ ಊಹಿಸಲೂ ಆಗುತ್ತಿರಲಿಲ್ಲ. ಬೈಯುವವರಿಲ್ಲದ ಕೋಣೆಯಲ್ಲಿ ತನ್ನ ಕೈ ಓಡುವುದೇ ಇಲ್ಲ ಎಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

ಒಂದೇ ಒಂದು ಆಸೆ ಉಳಿದಿತ್ತು. ಫಿಸಿಯೋ ಒಂದು ದಿನ ಅತ್ತೆಯನ್ನು ಕ್ಲಿನಿಕ್ಕಿನ ಬಿಸಿನೀರ ಕೋಣೆಗೆ ಕರೆದೊಯ್ದಿದ್ದಳು. ಹಳದಿ ದೀಪ, ಸುರುಳಿ ಸುತ್ತಿಟ್ಟ ಟವೆಲ್ಲು, ಮೂಲೆಯಲ್ಲಿ ಹಸಿರು ಗಿಡ, ಏನೋ ಒಂದು ತಣ್ಣಗಿನ ಪರಿಮಳ. ಅಲ್ಲಿ ನೀರಲ್ಲಿ ಕಾಲಿಟ್ಟು ಕೂತ ಅತ್ತೆ ಎರಡು ನಿಮಿಷ ಚೀರುವುದನ್ನೇ ಮರೆತಿದ್ದಳು, ಮಂಡಿ ತಾನಾಗಿ ಒಂದಿಷ್ಟು ಬಾಗಿತ್ತು. ದಿನಾ ಅಲ್ಲಿಗೆ ಹೋಗುವುದು ಇವರ ಕೈಲಾಗುವ ಮಾತಲ್ಲ. ಮನೆಯಲ್ಲೇ ಬಿಸಿನೀರಲ್ಲಿ ಕೂರಿ ಎಂದರೆ ಅತ್ತೆ, "ಆ ಗುಹೆಯೊಳಗಾ? ಅಲ್ಲಿದ್ದ ಹಾಗೆ ಮಾಡಿಕೊಡು, ಕೂರ್ತೀನಿ. ಇಲ್ಲಾಂದ್ರೆ ಸುಮ್ನೆ ಬಿಡು," ಎಂದಳು. ಆಗದ ಕೆಲಸ ಎಂದುಕೊಂಡೇ ಹಾಗೆ ಹೇಳಿದ್ದು. ಆದರೆ ಸೊಸೆ ಟೊಂಕ ಕಟ್ಟಿ ನಿಂತಳು. ಬಟ್ಟೆಗೆ ಬಣ್ಣ ಹಾಕುವವರ ಹತ್ತಿರ ಮೂಲೆಗೆ ಬಿದ್ದಿದ್ದ ತೊಟ್ಟಿಯನ್ನು ಕೇಳಿ ತಂದಳು. ಅದೇ ತೊಟ್ಟಿ ಈಗ ಬಾಗಿಲಲ್ಲಿ ಕೂತಿತ್ತು.

"ವಾಪಸ್ಸು ಕೊಟ್ಟುಬಿಡೋಣ," ಎಂದ ಗಂಡ. ಅವನು ಲಿಫ್ಟ್ ರಿಪೇರಿಯವನು, ಸಿಕ್ಕಿಕೊಂಡದ್ದನ್ನು ಬಿಡಿಸುವುದೇ ಅವನ ಹೊಟ್ಟೆಪಾಡು. ಆದರೂ ಸೋತವನಂತೆ ನಿಂತಿದ್ದ.

"ಚೌಕಟ್ಟು ಕೀಳ್ರೀ."

"ಏನು?"

"ಆ ಕಡೆ ಎರಡಿಂಚು, ಈ ಕಡೆ ಎರಡಿಂಚು ಮರ ಇದೆ. ಕಿತ್ತರೆ ಇಪ್ಪತ್ತಾರು ಆಗುತ್ತೆ."

"ಬಾಗಿಲು ಎಲ್ಲಿ ಹಾಕ್ತೀಯೇ ಮಾರಾಯ್ತಿ?"

"ಹಾಕಲ್ಲ. ಪರದೆ ಕಟ್ತೀನಿ. ಮೊದಲು ನನ್ನನ್ನ ಇಲ್ಲಿಂದ ಆಚೆ ಬಿಡಿಸಿ."

ಮಂಚದಿಂದ ಕೂಗು ಬಂತು. "ಬಾಗಿಲಿಲ್ಲದ ಬಾತ್‌ರೂಮಲ್ಲಿ ನಾನು ಕೂರಬೇಕಾ? ಬೀದೀಲಿ ಟಿಕೆಟ್ಟೂ ಮಾರಿಬಿಡಿ!"

ಗಂಡ ಹೆಂಡತಿಯ ಮುಖ ನೋಡಿದ. ತೊಟ್ಟಿಯ ಮೇಲಿಂದ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಆ ಕಣ್ಣು ನೋಡಿದ ಮೇಲೆ ಅವನು ಸುತ್ತಿಗೆ ತರಲು ಹೋದ.

ಗುರುವಾರ, ಶುಕ್ರವಾರ ಅವಳು ಒಂದೇ ಒಂದು ಬಟ್ಟೆ ಹೊಲಿಯಲಿಲ್ಲ. ಗಿರಾಕಿಗಳು ಬಂದರೆ, ಬಾಗಿಲಲ್ಲೇ, "ಸೋಮವಾರ ಬನ್ನಿ," ಎಂದಳು. ದಪ್ಪನೆ ಕರೆ ಕಟ್ಟಿದ್ದ ಗೋಡೆಯ ಟೈಲ್ಸುಗಳನ್ನು ನಿಂಬೆಸಿಪ್ಪೆ, ಸೋಡಾಪುಡಿ ಹಾಕಿ ಮೊಣಕೈ ನೋಯುವಷ್ಟು ಉಜ್ಜಿದಳು. ಉಜ್ಜಿದಾಗ ಗೊತ್ತಾಯಿತು, ಇಷ್ಟು ವರ್ಷ ಕಂದು ಎಂದುಕೊಂಡಿದ್ದ ಟೈಲ್ಸು ತಿಳಿ ಹಸಿರು. ತೊಟ್ಟಿಯ ನೀಲಿ, ಕೆಂಪು ಕಲೆಗಳು ಮಾತ್ರ ಜಗ್ಗಲಿಲ್ಲ. ಕಣ್ಣು ಕುಕ್ಕುತ್ತಿದ್ದ ಟ್ಯೂಬ್‌ಲೈಟ್ ತೆಗೆಸಿ ಹಳದಿ ಬಲ್ಬು ಹಾಕಿಸಿದಳು. ಉಳಿದ ಟವೆಲ್ ಬಟ್ಟೆಯ ತುಂಡುಗಳನ್ನು ಅಂಚು ಹೊಲಿದು ಸುರುಳಿ ಸುತ್ತಿ ಸ್ಟೂಲಿನ ಮೇಲೆ ಜೋಡಿಸಿದಳು. ಖಾಲಿ ಬಾಟಲಿಯಲ್ಲಿ ಬಳ್ಳಿಯೊಂದನ್ನು ಇಟ್ಟಳು. ಗೋಡೆಗೆ ಹಿಡಿಕೆ ಬಂತು, ತೊಟ್ಟಿಗೆ ಅಡ್ಡಲಾಗಿ ಕೂರುವ ಹಲಗೆ ಬಂತು, ಹಲಗೆಗೆ ದಪ್ಪನೆಯ ಹೊದಿಕೆ ಬಂತು. ಅಂಗಳದಿಂದ ಆರಿಸಿದ ನುಣ್ಣನೆಯ ಕಲ್ಲುಗಳನ್ನು ತೊಳೆದು ತಟ್ಟೆಯಲ್ಲಿಟ್ಟಾಗ ಅತ್ತೆ ಮಂಚದಿಂದಲೇ, "ಕಲ್ಲು ಯಾಕೆ? ನನ್ನ ತಲೆ ಮೇಲೆ ಹಾಕೋಕಾ?" ಎಂದಳು.

"ಕ್ಲಿನಿಕ್ಕಲ್ಲಿ ಇತ್ತು ಅತ್ತೆ."

"ಅಲ್ಲೂ ಅದಕ್ಕೇ ಇಟ್ಟಿರ್ತಾರೆ."

ಶನಿವಾರ ಪರದೆ ಹೊಲಿದಳು, ಎರಡು ಪದರ, ಕೆಳಗೆ ಭಾರಕ್ಕೆ ಮಣಿ ಸೇರಿಸಿ. ಹೊಲಿಯುವಾಗ ಎದುರಿನ ಮಿಷನ್ನಿನ ಮೇಲೆ ಹೊದಿಸಿದ್ದ ಬಟ್ಟೆಯತ್ತ ನೋಡದಿರಲು ಹಟ ಮಾಡಿದಳು. ಆದರೂ ನೋಡಿದಳು, ಹೊಲಿಗೆ ಒಂದು ಕಡೆ ಓರೆಯಾಯಿತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೀರು ಕಾಯಿಸಿ, ಬಕೆಟ್ಟಿನ ಮೇಲೆ ಬಕೆಟ್ಟು ಸುರಿದು ತೊಟ್ಟಿ ತುಂಬಿದ್ದಾಯಿತು. ಮಗ ಒಂದು ತೋಳು, ಸೊಸೆ ಒಂದು ತೋಳು ಹಿಡಿದು ನಡೆಸಿಕೊಂಡು ಬಂದರು. ಪರದೆಯ ಹತ್ತಿರ ಅತ್ತೆ ನಿಂತು, ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಇಲ್ಲಿ ಓರೆ."

"ಹೌದು. ಆಮೇಲೆ ಬಿಚ್ಚಿ ಹೊಲೀತೀನಿ."

ಅತ್ತೆ ಒಳಗೆ ಬಂದಳು. ಸುತ್ತ ನೋಡಿದಳು. ಬೈಯಲು ಏನಾದರೂ ಸಿಗುತ್ತದೋ ಎಂದು ಮೂಲೆ ಮೂಲೆಗೂ ಕಣ್ಣು ಹಾಯಿಸಿದಳು. "ಟೈಲ್ಸು ಹಸಿರಾ?" ಎಂದಳಷ್ಟೆ. ಮಗನನ್ನು ಆಚೆ ಕಳಿಸಿ, ಸೊಸೆ ಅವಳನ್ನು ಹಲಗೆಯ ಮೇಲೆ ಕೂರಿಸಿ, ಕಾಲುಗಳನ್ನು ಒಂದೊಂದಾಗಿ ಎತ್ತಿ ನೀರಿಗೆ ಇಳಿಸಿದಳು. ಹಬೆ ಏಳುತ್ತಿತ್ತು. ಮುಖದ ಬಿಗುವು ಸಡಿಲಿತು. ಬಲಗಾಲು ಮಾತ್ರ ನೀರಲ್ಲೂ ಮುಂದಕ್ಕೆ ನೆಟ್ಟಗೇ ನಿಂತಿತ್ತು.

ಸೊಸೆ ಕೊರಳಿನ ಟೇಪು ತೆಗೆದು, ಅಂಗಿಯ ತೋಳು ಒದ್ದೆಯಾಗುವುದನ್ನೂ ನೋಡದೆ, ಹಲಗೆಯ ಅಂಚಿನ ನೇರಕ್ಕೆ ತೊಟ್ಟಿಯ ತಳದಿಂದ ಹಿಮ್ಮಡಿಯವರೆಗೆ ಅಳೆದಳು. "ಇಪ್ಪತ್ತು ಇಂಚು. ಕಾಲು ಹಿಂದಕ್ಕೆ ಬಂದಷ್ಟೂ ಇದು ಕಡಿಮೆ ಆಗಬೇಕು. ಒಂದೊಂದೇ ಇಂಚು ಅತ್ತೆ."

"ಆಗಲ್ಲ."

"ಅಲ್ಲಿ ಮಡಚಿದ್ರಲ್ಲ?"

"ಅಲ್ಲಿ ಮರೆತಿದ್ದೆ."

"ಏನು ಮರೆತಿದ್ರಿ?"

ಅತ್ತೆ ನೀರನ್ನೇ ನೋಡುತ್ತ ಕೂತಳು. ಬೈಗುಳಕ್ಕೆ ಎಂದೂ ತಡವರಿಸದ ಬಾಯಿ ಈಗ ತಡವರಿಸಿತು. "ಹೊಲಿಗೆ ಹಾಕಿದ ಜಾಗ ಎಳೆದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವೇನೇ? ನಲವತ್ತು ವರ್ಷ ನೋಡಿಲ್ವಾ? ಮೊಣಕಾಲ ಹತ್ರ ಬಿಗಿಯಾದ ಪ್ಯಾಂಟು ಅಲ್ಲೇ ಹರಿಯೋದು. ಮಡಚಿದ ದಿನ ಇದೂ ಬಿಟ್ಟುಕೊಳ್ಳುತ್ತೆ. ಮತ್ತೆ ಆ ಆಪರೇಷನ್ ರೂಮಿಗೆ ಹಾಕ್ತಾರೆ, ಮತ್ತೆ ಕತ್ತರಿಸ್ತಾರೆ. ನನ್ನ ಕೈಲಿ ಆಗಲ್ಲ ಕಣೇ."

ಎರಡು ತಿಂಗಳಿಂದ ನೋವು, ಮೊಂಡು, ಸೋಗು ಎಂದು ಮನೆಯವರೆಲ್ಲ ಏನೇನೋ ಅಂದುಕೊಂಡಿದ್ದರು. ಎದುರಿಗೇ ಕೂತಿದ್ದರೂ ತಾನು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ಸೊಸೆಗೆ ತನ್ನ ಮೇಲೇ ಸಿಟ್ಟು ಬಂತು.

"ಅದು ಬಟ್ಟೆ ಅಲ್ಲ ಅತ್ತೆ. ದಾರ ತೆಗೆದು ಆರು ವಾರ ಆಯ್ತು."

"ಮೇಲಿನ ದಾರ ತೆಗೆದ್ರು. ಒಳಗಿಂದು?"

"ಒಳಗಿಂದು ತಾನಾಗೇ ಕರಗಿಹೋಗುತ್ತಂತೆ. ಫಿಸಿಯೋನೇ ಹೇಳಿದ್ದು."

"ಕರಗೋ ದಾರದಲ್ಲಿ ಯಾರಾದ್ರೂ ಹೊಲೀತಾರಾ? ಎಂಥ ಕೆಲಸದವರು ಅವರು!"

"ಕರಗಿದ ಮೇಲೂ ಬಿಟ್ಟುಕೊಂಡಿಲ್ವಲ್ಲ? ಎರಡು ಕಡೆಯದೂ ಬೆಳೆದು ಒಂದಾಗಿದೆ. ಈಗ ಅಲ್ಲಿ ಜೋಡಣೆಯೇ ಇಲ್ಲ." ಸೊಸೆ ಅತ್ತೆಯ ಕೈ ಹಿಡಿದು, ನೀರೊಳಗೆ ಮಂಡಿಯ ಮೇಲಿನ ಗಾಯದ ಗುರುತಿನ ಮೇಲೆ ಇಟ್ಟಳು. "ನಿಮ್ಮ ಬೆರಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ? ನೀವೇ ನೋಡಿ."

ಎರಡು ತಿಂಗಳಲ್ಲಿ ಅತ್ತೆ ಆ ಗುರುತನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಈಗ ಬೆರಳುಗಳು ಮೆಲ್ಲಗೆ ಮೇಲಿಂದ ಕೆಳಗೆ ಹೋದವು, ಕೆಳಗಿಂದ ಮೇಲೆ ಬಂದವು. ಒಂದು ಕಡೆ ನಿಂತವು. ಉಗುರಿನಿಂದ ಕೆದಕಿ ನೋಡಿದವು.

"ಬಿಟ್ಟುಕೊಂಡಿಲ್ಲ," ಎಂದಳು ಕೊನೆಗೆ, ಪರವಾಗಿಲ್ಲ ಎನ್ನುವಂಥ ಕೆಲಸವನ್ನು ಒಪ್ಪಿಕೊಳ್ಳುವ ದನಿಯಲ್ಲಿ. "ನೆರಿಗೆ ಬಂದಿದೆ. ಆದ್ರೆ ಬಿಟ್ಟುಕೊಂಡಿಲ್ಲ."

ಗೋಡೆಯ ಹಿಡಿಕೆಯನ್ನು ಒಂದು ಕೈಯಲ್ಲಿ, ಸೊಸೆಯ ಹೆಗಲನ್ನು ಇನ್ನೊಂದು ಕೈಯಲ್ಲಿ ಹಿಡಿದಳು. ಹಲ್ಲು ಕಚ್ಚಿದಳು. ನೀರು ಕದಲಿತು. ಹಿಮ್ಮಡಿ ತೊಟ್ಟಿಯ ತಳದಲ್ಲಿ ಜಾರುತ್ತ ಹಿಂದೆ ಬಂತು, ನಿಂತಿತು, ಇನ್ನೂ ಸ್ವಲ್ಪ ಬಂತು. ಹೆಗಲ ಮೇಲಿನ ಬೆರಳುಗಳು ಮಾಂಸಕ್ಕೆ ಇಳಿದವು. ಸೊಸೆ ಟೇಪನ್ನು ಮತ್ತೆ ಹಿಮ್ಮಡಿಗೆ ಹಿಡಿದಳು.

"ಎಷ್ಟು?"

"ಹದಿನೇಳೂವರೆ."

"ಸರಿಯಾಗಿ ಹಿಡಿದೆಯಾ ಟೇಪು? ನಿನ್ನ ಅಳತೆ ನಂಬೋ ಹಾಗಿಲ್ಲ."

"ಸರಿಯಾಗೇ ಹಿಡಿದೆ ಅತ್ತೆ," ಎಂದಳು ಸೊಸೆ. ನಗುವೂ ಅಳುವೂ ಒಟ್ಟಿಗೇ ಬಂದು ಮೂಗು ಒರೆಸಿಕೊಂಡಳು.

ಆಗ ಬೀದಿ ಬಾಗಿಲು ಬಡಿದ ಸದ್ದಾಯಿತು. ನಡುಮನೆಯಲ್ಲಿ ಗಂಡ ಯಾರೊಂದಿಗೋ ಮಾತಾಡಿದ. ಆಮೇಲೆ ಪರದೆಯ ಆಚೆ ಬಂದು ನಿಂತು ಕೆಮ್ಮಿದ. "ಅಮ್ಮಾ, ಮಿಷನ್ ತಗೊಂಡು ಹೋಗೋಕೆ ಬಂದಿದ್ದಾರೆ. ಗಾಡಿ ತಂದಿದ್ದಾರೆ."

ಸೊಸೆ ತಲೆಯೆತ್ತಲಿಲ್ಲ. ಬೇಡ ಅನ್ನಿ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು, ಹೇಳಲಿಲ್ಲ. ಅದು ಅತ್ತೆಯ ಮಿಷನ್ನು. ಅವಳು ಟೇಪನ್ನು ನೀರಲ್ಲೇ ಹಿಡಿದು ಕೂತಳು.

"ನಾನು ಸ್ನಾನದಲ್ಲಿದ್ದೀನಿ ಅಂತ ಹೇಳೋ," ಎಂದಳು ಅತ್ತೆ.

"ಎಷ್ಟು ಹೊತ್ತಾಗುತ್ತೆ ಅಂತ ಕೇಳಿದ್ರೆ?"

ಅತ್ತೆ ಮತ್ತೆ ಹಿಡಿಕೆ ಹಿಡಿದು, ಸೊಸೆಯ ಹೆಗಲ ಮೇಲೆ ಕೈಯಿಟ್ಟಳು.

"ತುಂಬಾ ಹೊತ್ತಾಗುತ್ತೆ ಅನ್ನು. ಕಾಯಬೇಡ ಅನ್ನು. ಹಾಗೇ ಇನ್ನೊಂದು ಬಕೆಟ್ ನೀರು ಕಾಯೋಕಿಡು, ಇದು ಆರ್ತಾ ಇದೆ."

ಗಂಡನ ಹೆಜ್ಜೆ ದೂರವಾಯಿತು. ಬೀದಿಯಲ್ಲಿ ಗಾಡಿಯ ಗಾಲಿಗಳು ಖಾಲಿಯಾಗಿ ಗಡಗಡ ಎನ್ನುತ್ತ ಹೋದವು. ಹಸಿರು ಟೈಲ್ಸಿನ ಮೇಲೆ ನೀರಿನ ಬೆಳಕು ಅಲುಗಿತು, ನಿಂತಿತು, ಮತ್ತೆ ಅಲುಗಿತು.