ಈಗ ಯಾರಿಗೆ ಠೂ?

ಇಡೀ ಕ್ಲಾಸು ಪುಟ್ಟಿಗೆ ಠೂ ಬಿಟ್ಟಿದೆ ಎಂಬುದು ಅವಳಮ್ಮನಿಗೆ ಗೊತ್ತಾದದ್ದು ಊಟದ ಡಬ್ಬಿಯಿಂದ. ಒಬ್ಬಳೇ ಕೂತು ತಿನ್ನಲು ನಾಚಿಕೆಯಾಗಿ ಹುಡುಗಿ ಡಬ್ಬಿಯನ್ನು ತುಂಬಿದ ಹಾಗೇ ವಾಪಸು ತರುತ್ತಿದ್ದಳು. ಕಿರುಬೆರಳು ಚಾಚಿ ‘ಠೂ’ ಅಂದರೆ ಮುಗಿಯಿತು: ಮಾತಿಲ್ಲ, ಆಟವಿಲ್ಲ, ಪಕ್ಕದಲ್ಲಿ ಜಾಗವಿಲ್ಲ. ನಾಲ್ಕನೇ ಕ್ಲಾಸಿನವರಿಗೆ ಮಗ್ಗಿ ತಲೆಗೆ ಹತ್ತುವುದಿಲ್ಲ, ಇದು ಮಾತ್ರ ಯಾರೂ ಹೇಳಿಕೊಡದೆ ಬಾಯಿಪಾಠ.

ಎಲ್ಲರ ಕೈಯಲ್ಲೂ ಠೂ ಬಿಡಿಸಿದವಳು ಅದೇ ಕ್ಲಾಸಿನ ಲೀಡರಮ್ಮ. ಮಕ್ಕಳೇ ಇಟ್ಟ ಹೆಸರು, ಅವಳೇ ಒಪ್ಪಿಕೊಂಡ ಹೆಸರು.

“ಯಾಕಂತೆ?” ಎಂದು ಅಮ್ಮ ಕೇಳಿದರೆ ಪುಟ್ಟಿ ನೆಲ ನೋಡಿದಳು. “ನಾನು ನಗೋದು ಸರಿಯಿಲ್ಲವಂತೆ.”

ಟೀಚರ್ ಹತ್ತಿರ ಹೋದರೆ, “ಅಯ್ಯೋ ಬಿಡಿ ಮೇಡಂ, ಇವತ್ತು ಠೂ, ನಾಳೆ ಕುಚಿಕು” ಎಂದರು. ಮನೆಯಲ್ಲಿ ಗಂಡ ಟಿವಿಯಿಂದ ಕಣ್ಣು ಕೀಳದೆ, “ಮಕ್ಕಳ ಜಗಳಕ್ಕೆ ದೊಡ್ಡವರು ತಲೆಹಾಕಿದ್ರೆ ತಲೆನೇ ಒಡೆಯೋದು” ಎಂದ. ಬುದ್ಧಿ ಹೇಳಲು ಎಲ್ಲರೂ ತಯಾರು. ಹುಡುಗಿಯ ಪಕ್ಕ ಕೂರಲು ಒಂದು ನರಪಿಳ್ಳೆಯೂ ಇಲ್ಲ.

ಪುಟ್ಟಿಯ ಅಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಹಿಂಬದಿಯ ಕತ್ತಲ ಕೋಣೆಯಲ್ಲಿ ಬಂದವರ ಕಣ್ಣು ಪರೀಕ್ಷಿಸುವುದು, ಗಾಜು ಬದಲಿಸುತ್ತಾ “ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?” ಎಂದು ದಿನವಿಡೀ ಕೇಳುವುದು. ಒಂದು ಸಂಜೆ ಆ ಎತ್ತರದ ಕುರ್ಚಿಗೆ ತಾಯಿಯೊಂದಿಗೆ ಬಂದು ಕೂತವಳು ಸಾಕ್ಷಾತ್ ಲೀಡರಮ್ಮ.

ಗೋಡೆಯ ಅಕ್ಷರಪಟದಲ್ಲಿ ಮೂರನೇ ಸಾಲಿಗೆ ಬರುವಷ್ಟರಲ್ಲಿ ಅವಳ ದನಿ ಇಳಿಯಿತು. ನಾಲ್ಕನೆಯದರಲ್ಲಿ ಅಕ್ಷರಗಳನ್ನು ಊಹಿಸತೊಡಗಿದಳು, ಎಲ್ಲವನ್ನೂ ತಪ್ಪಾಗಿ. ಪವರ್ ಜಾಸ್ತಿಯೇ ಬಂತು. ತಾಯಿ ಹೊರಗೆ ಫ್ರೇಮು ಆರಿಸುತ್ತಿದ್ದಾಗ ಹುಡುಗಿ ಪುಟ್ಟಿಯ ಅಮ್ಮನ ಸೆರಗು ಹಿಡಿದಳು.

“ಆಂಟಿ, ನೀವು ಪುಟ್ಟಿ ಅಮ್ಮ ಅಲ್ವಾ? ಸ್ಕೂಲಲ್ಲಿ ಯಾರಿಗೂ ಹೇಳ್ಬೇಡಿ ಆಂಟಿ. ಪ್ಲೀಸ್.”

ಸೇರಿಗೆ ಸವಾಸೇರು ಎನ್ನುವಂಥದ್ದೇನಾದರೂ ಅನ್ನಬೇಕೆಂದು ಎಷ್ಟೋ ದಿನದಿಂದ ಕಾದಿದ್ದವಳು, “ಇಲ್ಲ ಕಣಮ್ಮ, ಹೇಳಲ್ಲ” ಎಂದುಬಿಟ್ಟಳು.

ಮನೆಗೆ ಬಂದು ಮಗಳಿಗೆ ಹೇಳಿದಳು. ಒಂದೊಂದು ಮಾತನ್ನೂ ತೂಗಿಯೇ ಹೇಳಿದಳು: “ನೋಡು ಪುಟ್ಟಿ, ಅವಳಿಗೂ ಒಳಗೊಳಗೆ ಭಯ. ಪಾಪ, ಕಣ್ಣು ಕಾಣಿಸಲ್ಲ, ದಪ್ಪ ಗಾಜಿನ ಕನ್ನಡಕ ಬರುತ್ತೆ. ಯಾರನ್ನೂ ದ್ವೇಷ ಮಾಡ್ಬಾರ್ದು. ಆಮೇಲೆ ಇದು ಗುಟ್ಟು, ಆಯ್ತಾ?”

ಪುಟ್ಟಿ ಅಗಿಯುವುದನ್ನು ನಿಲ್ಲಿಸಿದಳು. “ಎಷ್ಟು ದಪ್ಪ?”

ಅದನ್ನು ಅಮ್ಮ ಕನಿಕರವೆಂದು ತಿಳಿದಳು.

ಮರುದಿನದಿಂದಲೇ ಡಬ್ಬಿ ಖಾಲಿಯಾಗಿ ಬರತೊಡಗಿತು. ಮನೆಯಲ್ಲಿ ಸೂಜಿ ಬಿದ್ದರೂ ಕಾರಣ ಕೇಳುವ ಹೆಂಗಸು ಈ ಸಲ ಏನನ್ನೂ ಕೇಳಲಿಲ್ಲ. ಹೊಟ್ಟೆಗೆ ಬಿದ್ದರೆ ಸಾಕಾಗಿತ್ತು. ಆದರೆ ವಾರದ ಕೊನೆಗೆ ಮಗಳನ್ನು ಕರೆತರಲು ಹೋದಾಗ ಸ್ಕೂಲಿನ ಗೇಟಿನಲ್ಲೇ ರಾಗವಾಗಿ ಕೇಳಿಸಿತು: “ಸೋಡಾಬುಡ್ಡೀ... ಸೋಡಾಬುಡ್ಡೀ...” ನಡುವೆ ಒಬ್ಬಳು ಕಣ್ಣು ಮುಚ್ಚಿ, ಕೈ ಚಾಚಿ, ತಡವರಿಸುತ್ತಾ ಹೋಗಿ ಗೋಡೆಗೆ ಢಿಕ್ಕಿ ಹೊಡೆದಳು. ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಗೋಡೆಗೆ ಢಿಕ್ಕಿ ಹೊಡೆದವಳು ಪುಟ್ಟಿ. ಆಚೆ ಮೆಟ್ಟಿಲ ಮೇಲೆ ಬ್ಯಾಗನ್ನು ಅಪ್ಪಿಕೊಂಡು ಒಂಟಿಯಾಗಿ ಕೂತವಳು ಲೀಡರಮ್ಮ.

“ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಹಾಗಾಯ್ತು ನಂದು!” ದಾರಿಯುದ್ದಕ್ಕೂ ಅಮ್ಮ ಹಲ್ಲು ಕಡಿದಳು. “ನಾನು ಪಾಪ ಅಂತ ಹೇಳಿದ್ದು ಕಣೇ!”

“ನಾನೂ ಪಾಪ ಅಂತಲೇ ಹೇಳ್ದೆ. ಅವರು ನಕ್ರು.”

“ಆ ಗೋಡೆ ನಾಟಕ? ಅದೂ ಪಾಪಾನಾ?”

ಪುಟ್ಟಿ ನಿಂತಳು. “ಈಗ ಎಲ್ರೂ ನನ್ ಜೊತೆ ಊಟ ಮಾಡ್ತಾರೆ. ನಿಂಗೆ ಅದೇ ತಾನೇ ಬೇಕಿತ್ತು?”

ಹೌದು, ಅದೇ ಬೇಕಿತ್ತು.

ಸೋಮವಾರ ಲೀಡರಮ್ಮನ ತಾಯಿ ಮಗಳನ್ನು ಎಳೆದುಕೊಂಡು ಅಂಗಡಿಗೆ ಬಂದು ಕನ್ನಡಕದ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಕುಕ್ಕಿದರು. “ವಾಪಸ್ ತಗೊಳ್ಳಿ. ಸತ್ರೂ ಹಾಕ್ಕೊಳ್ಳಲ್ಲ ಅಂತಾಳೆ. ಒಂದು ದಿನಾನೂ ಸ್ಕೂಲಿಗೆ ಹಾಕ್ಕೊಂಡು ಹೋಗಿಲ್ಲ, ಅದ್ಹೇಗೆ ಗೊತ್ತಾಯ್ತೋ ಆ ಪಿಶಾಚಿಗಳಿಗೆ!”

ಪಿಶಾಚಿಗಳಲ್ಲೊಂದು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಹೋಂವರ್ಕ್ ಬರೆಯುತ್ತಿತ್ತು. ಪುಟ್ಟಿಯ ಅಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು.

“ನನ್ನ ಬಾಯಿಂದಲೇ ಹೋಗಿದ್ದು” ಎಂದಳು. “ಇವಳಿಗೆ ಹೇಳಿದೆ. ಇವಳು ಊರಿಗೆಲ್ಲ ಹೇಳಿದಳು.”

ಅಂಗಡಿಯ ಯಜಮಾನರು ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟು ನೋಡಿದರು. ಆ ತಾಯಿಯ ಬಾಯಿ ಶುರುವಾದದ್ದು ನಿಲ್ಲಲಿಲ್ಲ. ಓದಿದವರು, ತಿಳಿದವರು, ಒಂದು ಹೆಣ್ಣುಮಗುವಿನ ಅಮ್ಮ... ಪುಟ್ಟಿಯ ಅಮ್ಮ ಎಲ್ಲಕ್ಕೂ ತಲೆಯಾಡಿಸುತ್ತಲೇ ಇಬ್ಬರು ಹುಡುಗಿಯರ ರಟ್ಟೆ ಹಿಡಿದು ಹಿಂದಿನ ಕೋಣೆಗೆ ನೂಕಿದಳು. “ಕ್ಷಮೆ ಕೇಳ್ತೀಯೋ, ಏನು ಮಾಡ್ತೀಯೋ. ಮುಗಿಸ್ಕೊಂಡೇ ಹೊರಗೆ ಬರ್ಬೇಕು!”

ಬೈಗುಳ ಇನ್ನೂ ನಡೆದಿತ್ತು, ಅಷ್ಟರಲ್ಲಿ ಒಳಗೆ ಕಿಸಕ್ಕೆಂದು ನಗು ಕೇಳಿಸಿತು. ಇಬ್ಬರು ತಾಯಂದಿರೂ ಮುಖ ಮುಖ ನೋಡಿಕೊಂಡು, ಉಸಿರು ಬಿಗಿಹಿಡಿದು ಪರದೆಯ ಹತ್ತಿರ ಹೋದರು.

“...ನೀನು ನಂಗೆ ಠೂ ಬಿಡಿಸ್ದೆ, ನಾನು ನಿಂಗೆ ಬಿಡಿಸ್ದೆ. ಸರಿಹೋಯ್ತು.”

“ಹೂಂ. ಮತ್ತೆ ಈಗ ಯಾರಿಗೆ ಠೂ?”

“ಅಳುಮುಂಜಿಗೆ?”

“ಅವಳು ತಕ್ಷಣ ಅತ್ತುಬಿಡ್ತಾಳೆ ಕಣೇ, ಮಜಾ ಇರಲ್ಲ.”

“ಅದೇ ಮಜಾ. ನಾಳೆಯಿಂದ.”

ಪುಟ್ಟಿಯ ಅಮ್ಮ ಪರದೆ ಸರಿಸಿ ದೀಪ ಹಾಕಿದಳು. “ಯಾರಿಗೂ ಇಲ್ಲ! ಯಾರಿಗೂ ಅಂದ್ರೆ ಯಾರಿಗೂ ಇಲ್ಲ!”

ಲೀಡರಮ್ಮ ಕಣ್ಣು ಕಿರಿದು ಮಾಡಿ, ದಡ್ಡರಿಗೆ ಲೆಕ್ಕ ಹೇಳಿಕೊಡುವವರ ತಾಳ್ಮೆಯಿಂದ ಹೇಳಿದಳು: “ಯಾರಿಗಾದ್ರೂ ಬಿಡ್ಲೇಬೇಕಲ್ಲ ಆಂಟಿ. ಇಲ್ಲಾಂದ್ರೆ ನಮಗೇ ಬಿಡ್ತಾರೆ.”

ಪುಟ್ಟಿ ಹೌದೆಂದು ತಲೆಯಾಡಿಸಿದಳು. ಇಷ್ಟು ದಿನ ಈ ಮಗು ಅಳದಿರಲಿ ಎಂದು ಕಾದದ್ದಾಯಿತು. ಇನ್ನು ಇದು ಬೇರೆಯವರನ್ನು ಅಳಿಸದಿರಲಿ ಎಂದೂ ಕಾಯಬೇಕೆ?

“ಅಳುಮುಂಜಿ ಅಂದ್ರಲ್ಲ, ಆ ಹುಡುಗಿ ಅಮ್ಮನ ನಂಬರ್ ಇದೆಯಾ ನಿಮ್ಮ ಹತ್ರ?” ಎಂದು ಲೀಡರಮ್ಮನ ತಾಯಿಯನ್ನು ಕೇಳಿದಳು.

“ಅಮ್ಮಾ!” ಪುಟ್ಟಿ ಕಿರುಚಿದಳು. “ನೀನು ಹೇಳಿದ್ರೆ ಮತ್ತೆ ಎಲ್ರೂ ನಂಗೇ ಠೂ ಬಿಡ್ತಾರೆ! ನಾನು ನಿನ್ ಜೊತೆ ಜನ್ಮದಲ್ಲಿ ಮಾತಾಡಲ್ಲ!”

ಅಮ್ಮ ಫೋನ್ ಕೈಗೆತ್ತಿಕೊಂಡಳು. “ಆಡ್ಬೇಡ” ಎಂದಳು.

ಜಗಳಕ್ಕೆ ಬಂದಾಕೆ ಇಬ್ಬರು ಮಕ್ಕಳನ್ನೂ ಒಮ್ಮೆ ನೋಡಿ, ತುಟಿ ಬಿಗಿದುಕೊಂಡೇ ನಂಬರ್ ಹೇಳಿದರು.

ಆ ಕಡೆಯ ದನಿ ಪುಟ್ಟಿಯ ಹೆಸರು ಕೇಳಿದ ಕೂಡಲೇ ಏರಿತು. “ಯಾಕೆ? ಏನ್ ಮಾಡಿದ್ಲು ನನ್ನ ಮಗಳು?”

“ಏನೂ ಮಾಡಿಲ್ಲ” ಎಂದಳು ಪುಟ್ಟಿಯ ಅಮ್ಮ. “ಅದಕ್ಕೇ ಫೋನ್ ಮಾಡಿದೆ.”